ಮೆಣಸಿನಕಾಯಿಗೆ ಬಂದ ಕೆಟ್ಟ ಹೆಸರು

ನನಗಾಗ ನಲವತ್ತೆಂಟು ವರ್ಷ. ಇಪ್ಪತ್ತು ವರ್ಷದ ಹಿಂದಿನ ಮಾತು. ಈಗೇಕೆ ನೆನಪಾಯಿತೆಂದರೆ, ಇಂದು ಒಗ್ಗರಣೆಗೆ ಮೆಣಸಿನಕಾಯಿ ಹಾಕಿದ್ದೇ ತಡ, ಸೊಸೆ ಕೆಮ್ಮುತ್ತ ಹೊರಗೋಡಿದಳು. ನನಗೆ ನಗು ಬಂತು. ಯಜಮಾನರು ಎಂದಿನಂತೆ ನಡೆದೇ ನಮ್ಮ ಅಂಗಡಿಗೆ ಹೋಗಿದ್ದರು. ಇದ್ದಿದ್ದರೆ ಅವರೂ ನಗುತ್ತಿದ್ದರು.

ಬೆಟಗೇರಿಯಲ್ಲಿ ನಮ್ಮದು ಒಣಮೆಣಸಿನಕಾಯಿ ಅಂಗಡಿ. ಯಜಮಾನರು ಹುಟ್ಟಿನಿಂದ ದಪ್ಪ ಅಲ್ಲ, ಉಂಡು ಉಂಡು ಆದವರು. ನಮ್ಮ ಕಡೆ ಹೊಟ್ಟೆ ಇಲ್ಲದ ವ್ಯಾಪಾರಿಯ ತಕ್ಕಡಿಯನ್ನೂ ಜನ ನಂಬುವುದಿಲ್ಲ. ಹಾಗಾಗಿ ನಾನೂ ಏನೂ ಅನ್ನುತ್ತಿರಲಿಲ್ಲ. ಬರಬರುತ್ತ ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು, ಬಗ್ಗಿ ಚಪ್ಪಲಿ ಹಾಕಿಕೊಂಡರೆ ದಮ್ಮು, ಅಂಗಾತ ಮಲಗಿದರಂತೂ ಎದ್ದೇ ಕೂರಬೇಕು.

“ಎಲ್ಲಾ ಮೆಣಸಿನಕಾಯಿ ಘಾಟು” ಎಂದು ಅಂಗಡಿಯನ್ನು ತಮ್ಮನಿಗೆ ಬಿಟ್ಟು ಮನೆ ಹಿಡಿದರು. ಘಾಟು ಇಳಿಯಲೆಂದು ರೊಟ್ಟಿಗೆ ಬೆಣ್ಣೆ, ಅನ್ನಕ್ಕೆ ತುಪ್ಪ, ಮಧ್ಯಾಹ್ನ ನಿದ್ದೆ. ದಮ್ಮು ಇನ್ನೂ ಹೆಚ್ಚಿತು. “ದೀಪಾವಳಿಗೆ ಅಂಗಡಿ ಮಾರಿಬಿಡೂಣು” ಎಂದರು. ಅಂಗಡಿ ಹೋದರೆ ಈ ಮನುಷ್ಯ ಕುಳಿತಲ್ಲೇ ಸಾಯುತ್ತಾನೆಂದು ನನಗೆ ಗೊತ್ತು. ಗದಗಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಡಾಕ್ಟರು ಬಾಯಿಗೊಂದು ಕೊಳವೆ ಕೊಟ್ಟು, ಎತ್ತಿಗೆ ಕೂಗಿದ ಹಾಗೆ ಕೂಗಿದರು: “ಊದ್ರಿ, ಊದ್ರಿ, ಇನ್ನೂ ಊದ್ರಿ!” ಇವರು ಕೆಂಪಗಾಗಿ ಕುರ್ಚಿಗೆ ಒರಗಿದರು.

“ಘಾಟು ರೀ ಡಾಕ್ಟ್ರ, ಘಾಟು.”

“ಅಂಗಡಿ ಬಿಟ್ಟು ಎಷ್ಟ ದಿನಾ ಆತ್ರಿ?”

“ಆರು ತಿಂಗಳಾತ್ರಿ.”

“ಘಾಟು ಬಿಟ್ಟ ಮ್ಯಾಲೆ ದಮ್ಮು ಹೆಚ್ಚಾಗೇತಿ. ಹಂಗಾರ ಘಾಟಿಂದೇನು ತಪ್ಪು? ನಿಮ್ಮ ಶ್ವಾಸಕೋಶ ಕೆಟ್ಟಿಲ್ಲ ಯಜಮಾನ್ರ. ಹೊಟ್ಟಿ ಕೆಳಗಿಂದ ಒತ್ತತೈತಿ, ಅವಕ್ಕ ಹಿಗ್ಗಾಕ ಜಾಗಾನ ಇಲ್ಲ. ದಿನಾ ನಡೀರಿ, ತೂಕ ಇಳಸ್ರಿ. ಆಮ್ಯಾಲೆ ಬೇಕಾದಷ್ಟು ಅಂಗಡ್ಯಾಗ ಕುಂಡ್ರಿ.”

ದಾರಿಯುದ್ದಕ್ಕೂ ಇವರದು ಒಂದೇ ಗೊಣಗಾಟ. “ದಿನಾ ನಡ್ಯಾಕ ನಾ ಏನು ಟಪಾಲಿನಾಂವ ಏನಲೇ? ಮಂದಿ ನಗ್ತಾರ.”

“ನಗಲಿ ಬಿಡ್ರಿ. ಅಂಗಡಿ ಬೇಕೋ, ಹೊಟ್ಟಿ ಬೇಕೋ, ಒಂದು ಹೇಳ್ರಿ.”

ಮನೆಗೆ ಬಂದವರೇ ದಮ್ಮು ಕಟ್ಟಿದರೂ ಬಗ್ಗಿ ಚಪ್ಪಲಿಯ ಧೂಳು ಒರೆಸಿಟ್ಟರು. ಒಪ್ಪಿದರೆಂದೇ ತಿಳಿದೆ.

ಮರುದಿನ ಬೆಳಿಗ್ಗೆ ಎಬ್ಬಿಸಿಕೊಂಡು ಹೊರಟೆ. ಆಗ ನಮ್ಮ ಓಣಿಯಲ್ಲಿ ಗಂಡ ಹೆಂಡತಿ ಜೋಡಿಯಾಗಿ ನಸುಕಿಗೇ ಹೊರಟರೆಂದರೆ, ಎಲ್ಲೋ ಸಾವಾಗಿದೆ ಎಂದೇ ಅರ್ಥ. ಕಟ್ಟೆಯ ಮೇಲಿದ್ದ ನೆರೆಮನೆಯ ನೀಲವ್ವ ಗಾಬರಿಯಾಗಿ ಕೇಳಿದಳು: “ಯಾರು ಸತ್ರಬೇ?”

ಇವರು ನಾಚಿ ಅಲ್ಲೇ ನಿಂತುಬಿಟ್ಟರು.

“ಯಾರೂ ಸಾಯಬಾರದಂತನ ಹೊಂಟೇವಿ” ಎಂದೆ. ಬೆನ್ನಿಗೆ ಕೈ ಹಚ್ಚಿ ಅವರನ್ನು ಮುಂದಕ್ಕೆ ನೂಕಿದೆ.