ಬರಿಗಾಲಿನ ಮೇಸ್ತ್ರಿ

ನನ್ನ ಮೇಸ್ತ್ರಿಯ ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಯಾವುದೋ ಕಾಲದಲ್ಲಿ ತಾಮ್ರದ ಪೈಪಿನ ಕಟ್ಟು ಮೇಲೆ ಬಿದ್ದು ಉಗುರು ಕಿತ್ತುಹೋಗಿತ್ತಂತೆ. ಇದು ನನಗೆ ಗೊತ್ತಾಗಿದ್ದು, ಜನವರಿಯ ಕೊರೆಯುವ ಚಳಿಯಲ್ಲೂ ಅವರು ಗಿರಾಕಿಯ ಬಾಗಿಲಲ್ಲಿ ಬೂಟು, ಸಾಕ್ಸು ಎರಡನ್ನೂ ಬಿಚ್ಚಿಟ್ಟೇ ಒಳಗೆ ಹೋಗುತ್ತಿದ್ದುದರಿಂದ. ಉಡುಪಿ ಕಡೆಯವರು. ಬಹಳ ವರ್ಷಗಳಿಂದ ಈ ಚಳಿ ದೇಶದ ಕ್ರೋಯ್ಡನ್‌ನಲ್ಲಿದ್ದುಕೊಂಡು ಮನೆಗಳಿಗೆ ಹೀಟಿಂಗ್ ಹಾಕುವ ಕೆಲಸ ಮಾಡುತ್ತಿದ್ದರು. ಕಂಪ್ಯೂಟರ್ ಓದಿದ್ದ ನಾನು ಅವರ ಕೈಕೆಳಗೆ ಕಲಿಯಲು ಸೇರಿದ್ದೆ.

ನಮ್ಮ ಕೆಲಸ ಹೇಳಲು ಸುಲಭ. ನೆಲದಡಿ ಒಂದೊಂದು ಕೋಣೆಗೆ ಒಂದೊಂದು ಬಿಸಿನೀರಿನ ಪೈಪಿನ ಸುತ್ತು. ಕೋಣೆಯ ಶಾಖ ಅಳೆಯುವ ಥರ್ಮೋಸ್ಟಾಟು, ನೀರು ಬಿಡುವ ವಾಲ್ವು ಎಲ್ಲವೂ ಒಂದೇ ಜೋಡಿ ತಂತಿಯ ಮೇಲೆ ಮಾತಾಡಿಕೊಳ್ಳುತ್ತವೆ. ಆ ತಂತಿಗೆ ಬಸ್ ಎನ್ನುತ್ತಾರೆ; ಅದರ ಮೇಲೆ ಪ್ರತಿಯೊಂದಕ್ಕೂ ಒಂದೊಂದು ನಂಬರು. ಯಾವ ನಂಬರು ಯಾವ ಕೋಣೆಯದು ಎಂದು ಸಾಫ್ಟ್‌ವೇರಿಗೆ ಹೇಳಿಕೊಡುವುದು ನನ್ನ ಪಾಲು. ಮೇಸ್ತ್ರಿಯೋ, ಒಂದು ಸುತ್ತು ತೆರೆದು, ಉಳಿದವನ್ನು ಮುಚ್ಚಿ, ನೆಲ ಬಿಸಿಯಾಗುವವರೆಗೆ ಕಾದು, ಬರಿಗಾಲಲ್ಲಿ ನಡೆದು ನೋಡಿದ ಮೇಲೆಯೇ ಮುಂದಿನದಕ್ಕೆ ಹೋಗುವವರು. ಎಂಟು ಕೋಣೆಗೆ ಎರಡು ದಿನ. ನನಗೆ ತಲೆ ಕೆಟ್ಟುಹೋಗುತ್ತಿತ್ತು.

ಹತ್ತಿರದ ಸಟನ್‌ನಲ್ಲಿ ಧಾರವಾಡದ ಡಾಕ್ಟರೊಬ್ಬರ ಮನೆ. ಸೊಂಟದ ಆಪರೇಷನ್ ಆದ ಅವರ ತಾಯಿ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕೆಳಗಿನ ಕೋಣೆ ಬೆಚ್ಚಗಾಗಬೇಕಿತ್ತು. ಮೇಸ್ತ್ರಿ ಬೇರೆ ಮನೆಗೆ ಹೋಗಿದ್ದರು. ನಾನು ಎಂಟೂ ಸುತ್ತನ್ನು ಒಟ್ಟಿಗೇ ತೆರೆದೆ. ಎಲ್ಲ ಕೋಣೆಯೂ ಬಿಸಿಯಾಯಿತು, ಕಂಪ್ಯೂಟರ್ ಪರದೆಯೆಲ್ಲ ಹಸಿರು, ಅಂದರೆ ಎಲ್ಲ ಸರಿ. ಮಧ್ಯಾಹ್ನಕ್ಕೇ ಮುಗಿಸಿ ಬೀಗುತ್ತಾ ಬಂದೆ.

ಅಜ್ಜಿ ಬಂದ ಮರುದಿನವೇ ಡಾಕ್ಟರ್ ಫೋನ್ ಮಾಡಿದರು: ಅಮ್ಮನ ಕೋಣೆ ತಣ್ಣಗಿದೆ. ಆಫೀಸಿನಿಂದಲೇ ಶಾಖ ಏರಿಸಿದೆ. ಮತ್ತೆ ಫೋನು, ಮತ್ತೆ ಏರಿಸಿದೆ. ಮೇಸ್ತ್ರಿ ನನ್ನನ್ನು ವ್ಯಾನಿಗೆ ಹತ್ತಿಸಿದರು. ಅಲ್ಲಿ ಅಜ್ಜಿ ಎರಡು ಶಾಲು ಹೊದ್ದು ನಡುಗುತ್ತಿದ್ದರು. ಪಕ್ಕದ ಖಾಲಿ ಓದುವ ಕೋಣೆ ಕಾದ ಕಾವಲಿಯಾಗಿತ್ತು. ಆ ಎರಡು ಕೋಣೆಗಳ ಥರ್ಮೋಸ್ಟಾಟಿನ ನಂಬರನ್ನು ನಾನು ಅದಲುಬದಲು ಮಾಡಿದ್ದೆ; ಎಂಟನ್ನೂ ಒಟ್ಟಿಗೇ ತೆರೆದಿದ್ದರಿಂದ ಅದು ಗೊತ್ತಾಗಿರಲಿಲ್ಲ. ಅಜ್ಜಿಯ ಕೋಣೆಯ ಥರ್ಮೋಸ್ಟಾಟು ಚಳಿ ಎಂದಾಗಲೆಲ್ಲ ಬಿಸಿನೀರು ಪಕ್ಕದ ಕೋಣೆಗೆ ಹೋಗುತ್ತಿತ್ತು.

“ಹಾಜರಿ ಕರೆದ್ರೆ ಎಲ್ರೂ ಎಸ್ ಸರ್ ಹೇಳ್ತಾರೆ ಮಾರಾಯ್ತಿ,” ಎಂದರು ಮೇಸ್ತ್ರಿ. “ಯಾರು ಯಾರ ಬೆಂಚಲ್ಲಿ ಕೂತಿದ್ದಾರೆ ಅಂತ ನೋಡ್ಲಿಕ್ಕೆ ಬೇಡ್ವಾ? ಹೋಗು, ಅವ್ರಿಗೆ ನೀನೇ ಹೇಳು.”

ತಪ್ಪು ನನ್ನದು ಎಂದು ಅಜ್ಜಿಗೆ ಹೇಳಿದೆ. ನೆಲ ಬಾಯಿಬಿಡಬಾರದೇ ಅನ್ನಿಸಿತ್ತು.

“ಆತ್ ಬಿಡವ್ವಾ, ಈಗರ ಬೆಚ್ಚಗ ಮಾಡು,” ಎಂದರು ಅಜ್ಜಿ.

ನಂಬರು ಸರಿಪಡಿಸಿ, ಸಾಕ್ಸು ಬಿಚ್ಚಿ, ಎಂಟನ್ನೂ ಒಂದೊಂದಾಗಿ ನಡೆದು ನೋಡಿದೆ. ಎರಡು ದಿನವೇ ಹಿಡಿಯಿತು. ಮೇಸ್ತ್ರಿ ಅಜ್ಜಿಯ ಜತೆ ಚಹಾ ಕುಡಿಯುತ್ತಾ ಕೂತಿದ್ದರು, ಒಂದು ವಾಲ್ವನ್ನೂ ಮುಟ್ಟಲಿಲ್ಲ.

ಕಳೆದ ಚಳಿಗಾಲ ಹೃದಯದ ಕಾಯಿಲೆಯಿಂದ ಮೇಸ್ತ್ರಿ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ತಲೆಯ ಬಳಿಯ ಮಾನಿಟರಿನತ್ತ ಕಣ್ಣು ತಿರುಗಿಸಿ, “ಎಂತ ಹೇಳ್ತದೆ ಅದು?” ಎಂದರು.

“ಎಲ್ಲ ಹಸಿರು.”

“ಹಸಿರಾ? ಕಾಲು ಮುಟ್ಟಿ ನೋಡು.”

ಉಗುರಿಲ್ಲದ ಆ ಹೆಬ್ಬೆರಳು ತಣ್ಣಗಿತ್ತು. ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಕೂತೆ. ಮೂರನೆಯ ದಿನ ಅವರು ತೀರಿಕೊಂಡರು.

ಈಗ ಕ್ಯಾನರಿ ವಾರ್ಫಿನ ದೊಡ್ಡ ಫ್ಲಾಟುಗಳಲ್ಲೂ ನಾನು ತೆರೆಯುವುದು ಒಂದೊಂದೇ ಸುತ್ತು. ನನ್ನ ಬರಿಗಾಲು ನೋಡಿ ಜತೆಯವರು ನಗುತ್ತಾರೆ. ನಗಲಿ. ಸಟನ್ನಿನ ಆ ಮನೆಯ ನಂತರ, ನಾನು ಸಹಿ ಹಾಕಿ ಬಂದ ಯಾವ ಮನೆಯಲ್ಲೂ ಯಾರೂ ಶಾಲು ಹೊದ್ದು ನಡುಗಿಲ್ಲ.