ಬೂದಿಯ ಮೇಲಿನ ಅಂಗೈ

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಮುಂಜಾನೆ ಲಿಂಗಪೂಜೆ ಮುಗಿಸಿ ಹಣೆಯ ವಿಭೂತಿ ಒಣಗುವ ಮೊದಲೇ ಸೊಸೆಯರ ಮೇಲೆ ಅನುಮಾನ ಶುರು ಮಾಡುತ್ತಿದ್ದಳು. ಕಾಲವೂ ಹಾಗೇ ಇತ್ತೆನ್ನಿ. ನಿಜಾಮರ ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಲೆವಿ ಕಾಳಿನ ವಸೂಲಿಗೆ ಬರುವವರು ಮನೆಯೊಳಗಿನ ಕಾಳನ್ನೂ ಮೂಸಿ ನೋಡುತ್ತಿದ್ದರು. ಆದರೆ ಆಯಿಗೆ ಅವರಿಗಿಂತ ಅಡಿಗೆಮನೆಯವರ ಮೇಲೇ ಹೆಚ್ಚು ಕಣ್ಣು.

ಝರಾಸಂಗಂ ಕಡೆಯ ನಮ್ಮೂರಿನಲ್ಲಿ ಹೆಣ್ಣುಮಕ್ಕಳಿಗೆ ಕಾಲು ಬಂದರೆ ಸಾಕು, ಕೆಲಸವೂ ಬರುತ್ತಿತ್ತು. ಸಗಣಿ ಬಳಿಯಬೇಕು, ನೀರು ತರಬೇಕು, ತಮ್ಮನನ್ನು ಟೊಂಕದ ಮೇಲೆ ಹೊತ್ತು ತಿರುಗಬೇಕು. ನನಗೆ ಇವುಗಳ ಜೊತೆಗೆ ತಂಗಿಗಿಲ್ಲದ ಇನ್ನೊಂದು ಕೆಲಸವಿತ್ತು. ಒಳಕೋಣೆಯಲ್ಲಿ ತೊಗರಿಬೇಳೆ ತುಂಬಿಡುವ ಗುಮ್ಮಿ, ಬಿದಿರು ಹೆಣೆದು ಸಗಣಿ ಮೆತ್ತಿದ್ದು, ನನ್ನ ಎದೆಮಟ್ಟಕ್ಕಿತ್ತು. ಆಯಿ ಬೇಳೆ ತೆಗೆದ ಮೇಲೆ ಉಳಿದದ್ದನ್ನು ಸಮ ಮಾಡಿ, ಜರಡಿ ಹಿಡಿದ ಬೂದಿ ಉದುರಿಸಿ, ಅದರ ಮೇಲೆ ತನ್ನ ಬಲಗೈ ಒತ್ತುತ್ತಿದ್ದಳು. ಬೂದಿ ಹುಳ ಹತ್ತದಿರಲಿ ಎಂದು, ಕೈಗುರುತು ಸೊಸೆಯರು ಹತ್ತಿರ ಸುಳಿಯದಿರಲಿ ಎಂದು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ಆ ಗುರುತು ಕೆಡದೆ ಇದೆಯೇ ಎಂದು ದಿನಾ ಮುಂಜಾನೆ ನೋಡಿ ಹೇಳುವುದು ನನ್ನ ಪಾಲಿನ ಕೆಲಸ. ಅದರಲ್ಲಿ ನನಗೆ ದೊಡ್ಡಸ್ತಿಕೆಯೂ ಇತ್ತು, ಸುಳ್ಳೇಕೆ ಹೇಳಲಿ.

ಅಪ್ಪನ ತಮ್ಮ ಕಾಕಾನ ಮದುವೆಯಾಗಿ ಆಗ ಒಂದು ವರ್ಷವೂ ತುಂಬಿರಲಿಲ್ಲ. ಕಾಕಿ ಮನೂರಿನವಳು. ನನ್ನ ತಲೆ ಬಾಚುವಾಗ ಸಿಕ್ಕು ಬಿಡಿಸಲು ನನ್ನ ಅವ್ವನಿಗಿಲ್ಲದ ತಾಳ್ಮೆ ಅವಳಿಗಿತ್ತು. ಅವಳೆಂದರೆ ನನಗೆ ಪ್ರಾಣ. ಆದರೂ ಅವಳು ಸೆರಗು ಸಿಕ್ಕಿಸಿಕೊಂಡರೆ ಅದರಲ್ಲೇನಿದೆ ಎಂದು ನೋಡುತ್ತಿದ್ದೆ. ಆ ಮನೆಯಲ್ಲಿ ಬೆಳೆದವರ ಕಣ್ಣು ಇನ್ನು ಹೇಗಿರುತ್ತದೆ?

ಒಮ್ಮೆ ಕಾಕಿಯ ಅಣ್ಣ ಬಂದು ರಾತ್ರಿ ಉಳಿದಿದ್ದ. ಮರುದಿನ ನಾನು ಗುಮ್ಮಿಯೊಳಗೆ ಬಗ್ಗಿ ನೋಡಿದರೆ ಬೇಳೆ ಇಳಿದಿತ್ತು. ಬೂದಿಯ ಮೇಲೆ ಅಂಗೈ ಇತ್ತು, ಆದರೆ ಆಯಿಯದಲ್ಲ.

"ಆಯಿ, ಕೈ ಬ್ಯಾರೆ ಅದ," ಅಂದೆ.

ಆಯಿ ಯಾರ ಕೈ ಎಂದು ಕೇಳಲಿಲ್ಲ. ನೇರ ಕಾಕಿಯ ಹತ್ತಿರ ಹೋಗಿ, ಅಣ್ಣನ ಗಂಟಿನಲ್ಲಿ ನಮ್ಮ ಬೇಳೆ ಎಷ್ಟಿದೆ, ಸೀರೆ ಗಂಟು ಕಟ್ಟಿಕೊಂಡು ನೀನೂ ಅವನ ಹಿಂದೆ ನಡಿ ಎಂದಳು. ಕಳ್ಳಿ ಎಂದು ತವರಿಗೆ ಅಟ್ಟಿದ ಸೊಸೆಯನ್ನು ನಮ್ಮ ಕಡೆ ಯಾರೂ ಮರಳಿ ಕರೆಯುತ್ತಿರಲಿಲ್ಲ. ಅವಳ ತಂಗಿಯರಿಗೆ ಹೆಣ್ಣು ಕೇಳಲೂ ಯಾರೂ ಬರುತ್ತಿರಲಿಲ್ಲ.

ಕಾಕಿ ಅಳಲಿಲ್ಲ. ಕೋಣೆಗೆ ಬಂದು, ಬಳೆ ಮೇಲೆ ಸರಿಸಿ, ಆ ಗುರುತಿನ ಮೇಲೆ ತನ್ನ ಕೈ ಹಿಡಿದು ತೋರಿಸಿದಳು. ಗುರುತು ಅವಳ ಕೈಗಿಂತ ದೊಡ್ಡದು, ಸುತ್ತಲೂ ಬೆರಳಗಲ ಜಾಗ ಉಳಿಯಿತು. ಆಗ ನಾನು ಸರಿಯಾಗಿ ನೋಡಿದೆ. ನಡುಬೆರಳಿಗೆ ತುದಿಯೇ ಇಲ್ಲ ಎಂದು ಬಾಯಿ ಬಿಟ್ಟೆ. ಆಯಿ ನನ್ನನ್ನು ಸರಿಸಿ, ತನ್ನ ಬೆರಳಿನಿಂದ ಆ ಗುರುತಿನ ಅಂಚನ್ನು ಮೆಲ್ಲಗೆ ಮುಟ್ಟಿ ನೋಡಿದಳು. ಕಾಕಾ ಹುಡುಗನಾಗಿದ್ದಾಗ ಮೇವು ಕೊಯ್ಯಲು ಹೋಗಿ ಬೆರಳಿನ ತುದಿ ಕಳೆದುಕೊಂಡಿದ್ದ. ಬಟ್ಟೆ ಸುತ್ತಿ ಅದನ್ನು ಮಾಯಿಸಿದವಳು ಆಯಿಯೇ. ಅವನು ಸಂಜೆ, ಕಾಳು ಕೊಟ್ಟರೂ ಕುಡಿಯಲು ಸಿಗುವ ಸೇಂದಿ ಅಂಗಡಿಯ ಕಡೆ ಹೋಗುತ್ತಾನೆಂಬುದೂ ಅವಳಿಗೆ ಗೊತ್ತಿತ್ತು. ಬೂದಿಯನ್ನೆಲ್ಲ ಕಲೆಸಿಬಿಟ್ಟಳು.

"ಇಲಿ ಓಡ್ಯಾಡ್ಯಾವ," ಅಂದಳು.

"ಅಂಥಾ ಇಲಿ ಇರೋ ಮನ್ಯಾಗ ನಾ ಇರಂಗಿಲ್ರಿ," ಅಂದಳು ಕಾಕಿ. ಅಣ್ಣನ ಜೊತೆ ಹೊರಟೇಬಿಟ್ಟಳು.

ಅಂದು ಕಾಕಾ ಊಟಕ್ಕೆ ಕೂತಾಗ ನಾವು ಹೆಂಗಸರೆಲ್ಲ ಅವನು ರೊಟ್ಟಿ ಮುರಿಯುವ ಕೈಯನ್ನೇ ನೋಡುತ್ತಿದ್ದೆವು. ಆಯಿ ಅವನ ತಾಟಿಗೆ ತುಪ್ಪ ಬಡಿಸಿದಳು, ದಿನಕ್ಕಿಂತ ಹೆಚ್ಚು. ನನಗೆ ಮೈಯೆಲ್ಲ ಉರಿದುಹೋಯಿತು.

ಜೋಳದ ರಾಶಿ ಮುಗಿದರೂ ಕಾಕಿ ಬರಲಿಲ್ಲ. ಊರಲ್ಲಿ ಮಾತು ಎದ್ದಿತು. ಕೊನೆಗೆ ಆಯಿ ಕಾಕಾನನ್ನು ಮನೂರಿಗೆ ಕಳಿಸಿದಳು, ಮಗು ಜೊತೆಗಿದ್ದರೆ ಬೀಗರು ಮೆತ್ತಗಾಗುತ್ತಾರೆಂದು ನನ್ನನ್ನೂ. ಬಂಡಿ ಹತ್ತುವಾಗ ನನ್ನ ರಟ್ಟೆ ಹಿಡಿದು, ಯಾರು ಕೇಳಿದರೂ ಇಲಿ ಎಂದೇ ಹೇಳಬೇಕು, ಮನೆತನದ ಮರ್ಯಾದೆ ನಿನ್ನ ಬಾಯಲ್ಲಿದೆ ಎಂದಳು. ನಾಲ್ಕು ಕೊಡ ನೀರು ಹೊತ್ತರೂ ಅಷ್ಟು ಭಾರ ಅನಿಸುತ್ತಿರಲಿಲ್ಲ.

ಮನೂರಿನಲ್ಲಿ ಕಾಕಿಯ ಅಪ್ಪ ಚಾಪೆ ಹಾಸಿ, ನೀರು ಕೊಟ್ಟು, ನನ್ನ ಮಗಳ ಮೇಲೆ ಬಂದ ಮಾತು ಏನಾಯಿತೆಂದು ಕೇಳಿದ. ಕಾಕಾ ಗಂಟಲು ಸರಿಮಾಡಿಕೊಂಡು ಇಲಿಗಳ ಕಾಟದ ಬಗ್ಗೆ ಹೇಳತೊಡಗಿದ. ಬಾಗಿಲ ಮರೆಯಿಂದ ಕಾಕಿಯ ದನಿ ಬಂತು.

"ಆ ಹುಡುಗಿನ್ನ ಕೇಳ್ರಿ. ನೋಡಿದಾಕಿ ಆಕಿ."

ಎಲ್ಲರೂ ನನ್ನ ಕಡೆ ತಿರುಗಿದರು. ಕಾಕಾ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ. ಅದನ್ನು ಕಂಡ ಮೇಲೆ ಸುಳ್ಳು ಹೇಳಲು ನನಗೆ ಬಾಯೇ ಬರಲಿಲ್ಲ.

"ಕಾಕಾಂದು ಕೈ," ಅಂದೆ.

ಕಾಕಾ ತಲೆ ತಗ್ಗಿಸಿ, ಹೌದು ಮಾವಾರಿ ಎಂದ. ಸ್ವಲ್ಪ ಹೊತ್ತಿಗೆ ಕಾಕಿ ಗಂಟು ಕಟ್ಟಿಕೊಂಡು ಹೊರಗೆ ಬಂದು, ಬಂಡಿಯಲ್ಲಿ ನನ್ನ ಪಕ್ಕ ಕೂತಳು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಮನೆ ಮುಟ್ಟಿದಾಗ ಆಯಿ ನನ್ನನ್ನು ಮೂಲೆಗೆ ಕರೆದು, ಏನು ಹೇಳಿದೆ ಎಂದು ಕೇಳಿದಳು. ಇಲಿ ಅಂತ ಹೇಳಿದೆ ಎಂದೆ. ಪೊರೆ ಬಂದ ಆ ಕಣ್ಣುಗಳನ್ನು ನನ್ನ ಮುಖದ ತೀರ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಅಲ್ಲಿಯವರೆಗೆ ಅವಳು ಸೊಸೆಯರನ್ನಷ್ಟೇ ಹಾಗೆ ನೋಡುತ್ತಿದ್ದಳು. ಮರುದಿನದಿಂದ ಗುಮ್ಮಿ ನೋಡುವ ಕೆಲಸ ನನ್ನ ತಂಗಿಗೆ ಹೋಯಿತು. ನನ್ನನ್ನು ನೋಡುವ ಕೆಲಸವೂ.