ಕುತ್ತಿಗೆಯ ಗಾಯಕ್ಕೆ ಕಟ್ಟಿದ ಅರಸಿನ ಕೊಂಬು

ಬಸ್ಸಿನಲ್ಲಿ ಪಕ್ಕದಲ್ಲಿ ಬಂದು ಕೂರುವ ಹೆಂಗಸರು ಮೊದಲು ನನ್ನ ಕುತ್ತಿಗೆ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ, ಆಮೇಲೆ ಕಿಟಕಿಯಾಚೆ ನೋಡುತ್ತಾರೆ. ಕೇಳುವ ಧೈರ್ಯ ಹೆಚ್ಚಿನವರಿಗಿಲ್ಲ. ಒಮ್ಮೆ ಕೋಟಕ್ಕೆ ಹೋಗುವಾಗ ಒಬ್ಬಳು ಮುದುಕಿ ಮಾತ್ರ ನೇರವಾಗಿ ಕೇಳಿಬಿಟ್ಟಳು. “ಹ್ವಾಯ್, ಜೀವ ತೆಕ್ಕಂಬುಕೆ ಹೊರ್ಟದ್ದಾ? ಮಕ್ಳ್ ಮುಖ ಆರೂ ಕಾಣ್ಕಲೆ!”

“ಆಪರೇಶನ್ ಆದ್ದ್ ಅಮ್ಮ,” ಎಂದೆ. ಅವಳು ನಂಬಲಿಲ್ಲ. ಹಗ್ಗದ ಗುರುತು ಇರಬೇಕಾದ ಜಾಗದಲ್ಲೇ ಬೆಂದ ಸಿಗಡಿಯ ಹಾಗೆ ಕೆಂಪಗೆ, ಹೊಳೆಯುತ್ತ, ಬಾಗಿ ಮಲಗಿದ ಗಡ್ಡೆಯನ್ನು ಕಂಡು ಯಾರು ತಾನೆ ನಂಬುತ್ತಾರೆ?

ಆಪರೇಶನ್ ಆದದ್ದು 1998ರಲ್ಲಿ, ಮದುವೆಯಾಗಿ ಬೀಜಾಡಿಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಗಂಟಲಲ್ಲಿ ಥೈರಾಯ್ಡ್ ಗಡ್ಡೆ ಬೆಳೆದು ಅನ್ನ ನುಂಗಲು ಕಷ್ಟವಾಗುತ್ತಿತ್ತು. ಹೊಲಿಗೆ ಬಿಚ್ಚಿದ ದಿನ ಡಾಕ್ಟರು ನನ್ನ ತೋಳಿನ ಮೇಲಿದ್ದ ಹಳೆಯ ಲಸಿಕೆ ಗುರುತನ್ನು ಒತ್ತಿ ನೋಡಿದರು. ಹುಣಸೆಬೀಜದಷ್ಟು ಉಬ್ಬಿಕೊಂಡಿತ್ತು ಅದು. ಚಿಕ್ಕಂದಿನಿಂದ ಇದ್ದದ್ದೇ, ನನಗದು ವಿಶೇಷ ಅನ್ನಿಸಿರಲಿಲ್ಲ.

“ನಿಮ್ಮ ಚರ್ಮದ ಜಾತಿಯೇ ಹಾಗೆ,” ಎಂದರು. ಕೆಲವರ ಗಾಯ ಮಾಯಿದ ಮೇಲೂ ಸುಮ್ಮನಿರುವುದಿಲ್ಲವಂತೆ, ಬೆಳೆಯುತ್ತಲೇ ಹೋಗುತ್ತದಂತೆ. ಬೆಳೆದ ಮೇಲೆ ಓಡಾಡುವುದಕ್ಕಿಂತ ಬೆಳೆಯದಂತೆ ಈಗಲೇ ನೋಡಿಕೊಳ್ಳಬೇಕು, ಸಿಲಿಕೋನಿನ ತೆಳು ಹಾಳೆಯನ್ನು ಹಗಲೂ ರಾತ್ರಿಯೂ ಅಂಟಿಸಿಕೊಂಡಿರಬೇಕು, ಬಿಸಿಲು ತಾಗಿಸಬಾರದು, ತುರಿಸಬಾರದು. ಎಲ್ಲಕ್ಕಿಂತ ಮುಖ್ಯ, ಕೆಲವು ತಿಂಗಳು ಕುತ್ತಿಗೆಗೆ ಏನನ್ನೂ ಹಾಕಬಾರದು, ಏನೂ ಉಜ್ಜಬಾರದು. ಕೊನೆಯ ಮಾತು ಹೇಳುವಾಗ ಅವರು ನನ್ನ ಕರಿಮಣಿಯನ್ನೇ ನೋಡುತ್ತಿದ್ದರು. ಆಪರೇಶನ್ನಿಗೆ ಬಿಚ್ಚಿದ್ದನ್ನು ಮರುದಿನವೇ ಅತ್ತೆ ವಾರ್ಡಿಗೆ ತಂದು ಹಾಕಿಸಿದ್ದರು.

ನನ್ನ ಗಂಡ ಗಂಗೊಳ್ಳಿಯಿಂದ ಹೊರಡುವ ಬೋಟಿನಲ್ಲಿ ಕೆಲಸಕ್ಕಿದ್ದವರು. ಹೋದರೆ ವಾರಗಟ್ಟಲೆ ಕಡಲು. ಗಂಡ ಕಡಲಿನಲ್ಲಿರುವಾಗ ಹೆಂಡತಿ ಕರಿಮಣಿ ಬಿಚ್ಚುವುದೆಂದರೆ ನಮ್ಮ ಮನೆಯಲ್ಲಿ ದೀಪ ಊದಿ ಆರಿಸಿದ ಹಾಗೆ. ಅದರಲ್ಲೂ ಅತ್ತೆಗೆ. ಅವರು ಜೋರಿನವರಲ್ಲ. ಜೋರಿನವರಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಡಾಕ್ಟರ ಮಾತು ಹೇಳಿದಾಗ ಅವರು ಬಂಗುಡೆ ಮೀನು ಹೆಚ್ಚುತ್ತಿದ್ದವರು ಕತ್ತಿ ಕೆಳಗಿಟ್ಟರು.

“ನಾನ್ ಒಂದ್ಸಲ ಬಿಚ್ಚಿದ್ದೆ,” ಎಂದರು.

ಕರಿಮಣಿಯ ದಾರ ಸವೆದಿತ್ತಂತೆ. ಹೊಸದಾಗಿ ಪೋಣಿಸಲು ಕುಂದಾಪುರಕ್ಕೆ ಕೊಟ್ಟಿದ್ದರಂತೆ. ಸಂಜೆ ತಂದರಾಯಿತು ಎಂದು ಬರಿ ಕುತ್ತಿಗೆಯಲ್ಲೇ ಗದ್ದೆ ಕೆಲಸಕ್ಕೆ ಹೋದರಂತೆ. ಆ ಮಧ್ಯಾಹ್ನವೇ ಹೊಳೆ ಕಡಲು ಸೇರುವ ಅಳಿವೆಬಾಗಿಲಲ್ಲಿ ಮಾವನ ದೋಣಿ ಮಗುಚಿತು. ಹೊಸ ದಾರದ ಕರಿಮಣಿಯನ್ನು ಅತ್ತೆ ಮತ್ತೆ ಹಾಕಿಕೊಳ್ಳಲೇ ಇಲ್ಲ.

ಇದಕ್ಕೆ ಏನೆಂದು ಎದುರಾಡುವುದು? ದೋಣಿ ಮಗುಚಿದ್ದು ಗಾಳಿಗೆ, ದಾರಕ್ಕಲ್ಲ ಎಂದು ನಾನು ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ. ಆ ಹೊತ್ತಿಗೆ ನುಂಗುವುದು ಸುಲಭವಾಗಿತ್ತಲ್ಲ, ಗಡ್ಡೆ ತೆಗೆದಿದ್ದರು.

ಕೊನೆಗೆ ಅತ್ತೆಯೇ ಒಂದು ದಾರಿ ಹುಡುಕಿದರು. ಕರಿಮಣಿ ಇಲ್ಲದಾಗ ಅರಸಿನ ಕೊಂಬನ್ನು ದಾರಕ್ಕೆ ಕಟ್ಟಿ ಹಾಕಿಕೊಳ್ಳುವುದು ನಮ್ಮಲ್ಲಿ ಇದ್ದದ್ದೇ. ಚಿನ್ನ ಚುಚ್ಚುತ್ತದೆ, ಮಣಿ ಉಜ್ಜುತ್ತದೆ, ಅರಸಿನಕ್ಕೆ ಎಂತ ದೋಷ? “ಗಾಯಕ್ಕೆ ಅರ್ಸಿನಕ್ಕಿಂತ ದೊಡ್ಡ ಮದ್ದ್ ಯಾವ್ದಿತ್ತ್, ಹೆಣ್ಣೆ? ಡಾಕ್ಟ್ರ್ ಮಾತೂ ಉಳಿತ್, ನಮ್ ಮಾತೂ ಉಳಿತ್,” ಎಂದರು. ಎಷ್ಟು ಪ್ರೀತಿಯಿಂದ ಹೇಳಿದರೆಂದರೆ ನನಗೂ ಅದೇ ಸರಿ ಅನ್ನಿಸಿತು. ವಿಧವೆಯಾದ್ದರಿಂದ ತಾವು ಕಟ್ಟುವಂತಿಲ್ಲವೆಂದು ಪಕ್ಕದ ಮನೆಯಾಕೆಯನ್ನು ಕರೆಸಿ ಕಟ್ಟಿಸಿದರು. ತಾವು ಬಾಗಿಲ ಹೊರಗೆ ನಿಂತು, ದಾರ ಉದ್ದ ಬಿಡಬೇಡ, ಜಾರಿ ಹೋದೀತು ಎನ್ನುತ್ತಿದ್ದರು.

ಕೊಂಬು ಸರಿಯಾಗಿ ಹೊಲಿಗೆಯ ಗೆರೆಯ ಮೇಲೆ ಬಂದು ಕುಳಿತಿತು. ಒಣಗಿದ ಅರಸಿನವೆಂದರೆ ಕಲ್ಲು. ಬಾವಿಯಿಂದ ನೀರು ಸೇದುವಾಗ, ನೆಲ ಗುಡಿಸುವಾಗ, ಮಗ್ಗುಲು ಬದಲಿಸುವಾಗ ಅದು ಅತ್ತಿತ್ತ ಉಜ್ಜುತ್ತಿತ್ತು. ದಾರಕ್ಕೆ ದಿನವೂ ಅರಸಿನದ ನೀರು ಹಚ್ಚಬೇಕು. ಅದು ಬೆವರಿನ ಜೊತೆ ಇಳಿದು ಸಿಲಿಕೋನ್ ಹಾಳೆ ಹಳದಿಯಾಗಿ, ಅಂಟು ಬಿಟ್ಟು, ಮೀನು ತೊಳೆಯುವ ಬೋಗುಣಿಗೆ ಬೀಳುತ್ತಿತ್ತು. ತೊಳೆದು ಮತ್ತೆ ಅಂಟಿಸಿಕೊಳ್ಳುತ್ತಿದ್ದೆ. ಒಂದು ದಿನ ಅಂಟಿಸುವುದನ್ನು ಬಿಟ್ಟೆ.

ಗಂಡ ಕಡಲಿನಿಂದ ಬಂದಾಗ ಗಾಯ ಕೆಂಪಗಾಗಿ ಏಳುತ್ತಿರುವುದನ್ನು ಕಂಡರು. ಕೈ ಹಾಕಿ ಕೊಂಬನ್ನು ಹಿಡಿದು, “ಬಿಚ್ಚಿ ಇಡ್,” ಎಂದರು. ಒಳಗಿನಿಂದ ಅತ್ತೆ ಅಳುವುದು ಕೇಳಿಸಿತು. ಗಂಡ ಕೈ ತೆಗೆದರು. “ಅಮ್ಮ ಇಲ್ಲಿ ಮರ್ಕಂಡ್ ಕೂತ್ರೆ ನಂಗ್ ಕಡ್ಲಂಗೆ ಕೆಲ್ಸ ಮಾಡುಕೆ ಆತಿಲ್ಲೆ ಮಾರಾಯ್ತಿ. ಒಂದೆರ್ಡ್ ತಿಂಗ್ಳ್ ಅಲ್ದಾ, ತಡ್ಕೊ.”

ತಡೆದುಕೊಂಡೆ. ಆ ಒಂದೆರಡು ತಿಂಗಳೇ ಮುಖ್ಯವಾಗಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಗೆರೆಯಂತೆ ತೆಳ್ಳಗೆ ಉಳಿಯಬೇಕಾಗಿದ್ದ ಕಲೆ ಮೊದಲು ದಾರದಷ್ಟು, ಆಮೇಲೆ ಬೆರಳಿನಷ್ಟು ದಪ್ಪವಾಯಿತು. ಗಾಯದ ಗಡಿ ದಾಟಿ ಆಚೀಚೆ ಹರಡಿತು. ಅದರ ತುರಿಕೆಯನ್ನು ಯಾರಿಗೂ ವಿವರಿಸಲಾರೆ. ಸೆಕೆಗಾಲದಲ್ಲಿ ಒಳಗಿನಿಂದ ಮೆಣಸು ಅರೆದಂತೆ. ಕಲೆಯ ಆ ಗಡ್ಡೆಗೇ ಸೂಜಿ ಚುಚ್ಚಿ ಸ್ಟಿರಾಯ್ಡ್ ಕೊಡಲು ಬ್ರಹ್ಮಾವರಕ್ಕೆ ಹೋಗುತ್ತಿದ್ದೆ. ಗಟ್ಟಿ ಮಾಂಸದೊಳಗೆ ಔಷಧಿ ನುಗ್ಗುವಾಗ ಕುರ್ಚಿಯ ಕೈ ಹಿಡಿದು ಅತ್ತೆಯನ್ನು ಮನಸಾರೆ ಬೈಯುತ್ತಿದ್ದೆ. ಸ್ವಲ್ಪ ತಗ್ಗುತ್ತಿತ್ತು, ಬಿಟ್ಟರೆ ಮತ್ತೆ ಏಳುತ್ತಿತ್ತು. ಕತ್ತರಿಸಿ ತೆಗೆಯಬಹುದು, ಆದರೆ ಆ ಗಾಯವೂ ಹೀಗೇ ಬೆಳೆದೀತು ಎಂದರು ಡಾಕ್ಟರು.

ಅಷ್ಟರಲ್ಲಿ ಕರಿಮಣಿ ಮತ್ತೆ ಕುತ್ತಿಗೆಗೆ ಬಂದಿತ್ತು. ಗಡ್ಡೆಯ ಕೆಳಗಿನ ಮಡಿಕೆಯಲ್ಲಿ ಹೋಗಿ ಕೂತು ಅಲ್ಲೇ ಹುಣ್ಣು ಮಾಡುತ್ತಿತ್ತು. ಅತ್ತೆ ದಿನಾ ಸಂಜೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಸವರುತ್ತಿದ್ದರು. ಅವರ ಮಗ, ನನ್ನ ಗಂಡ, ಪ್ರತಿ ಸಲವೂ ಕಡಲಿನಿಂದ ಸುಖವಾಗಿ ಮನೆಗೆ ಬರುತ್ತಿದ್ದರು. ಅತ್ತೆ ಆಗ ನನ್ನ ಕುತ್ತಿಗೆಯತ್ತ ಒಮ್ಮೆ ನೋಡುತ್ತಿದ್ದರು. ಆ ನೋಟದ ಅರ್ಥ ನನಗೆ ತಿಳಿಯುತ್ತಿತ್ತು, ಮೈ ಉರಿಯುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ, ನನ್ನ ಮಕ್ಕಳು ಕಾಲೇಜಿಗೆ ಹೋಗುವಾಗ, ಗಂಡ ತೀರಿಕೊಂಡರು. ಕಡಲಿನಲ್ಲಲ್ಲ. ಗಾಳಿ ಇಲ್ಲ, ಮಳೆ ಇಲ್ಲ. ಬೋಟು ಕಟ್ಟಿ ಬಂದರಿನ ದಕ್ಕೆಯಲ್ಲಿ ಬಲೆಯ ರಾಶಿಯ ಮೇಲೆ ಕುಳಿತು ಚಾ ಕುಡಿಯುತ್ತಿದ್ದವರು ಎದೆ ಹಿಡಿದುಕೊಂಡು ಹಾಗೇ ಮಲಗಿದರು. ಆ ಹೊತ್ತಿನಲ್ಲಿ ನಾನು ಬಟ್ಟೆ ಒಗೆಯುತ್ತಿದ್ದೆ, ಕರಿಮಣಿ ಕುತ್ತಿಗೆಯಲ್ಲೇ ಇತ್ತು.

ಶಾಸ್ತ್ರದ ದಿನ ಕರಿಮಣಿ ತೆಗೆಯಲು ಹೆಂಗಸರು ಬಂದರು. ಅದು ಬರಲಿಲ್ಲ. ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತು. ಒಬ್ಬಾಕೆ ಎಳೆದಳು, ನೋವಿಗೆ ಕಿರುಚಿದೆ. ಎಲ್ಲರೂ ಅದನ್ನು ದುಃಖವೆಂದುಕೊಂಡು ಇನ್ನಷ್ಟು ಅತ್ತರು. ಆಗ ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಬಂದರು. ಅವರಿಗೆ ಆಗ ಕಣ್ಣು ಸರಿಯಾಗಿ ಕಾಣಿಸುತ್ತಿರಲಿಲ್ಲ. ಎಲ್ಲರನ್ನೂ ಸರಿಸಿ, ದಿನಾ ಎಣ್ಣೆ ಸವರಿ ಗೊತ್ತಿದ್ದ ಬೆರಳಿನಿಂದ ಗಡ್ಡೆಯನ್ನು ಮೆಲ್ಲಗೆ ಎತ್ತಿ, ದಾರ ಬಿಡಿಸಿ, ಕರಿಮಣಿಯನ್ನು ಹೊರಗೆ ತೆಗೆದರು. ಒಂಚೂರೂ ನೋವಾಗಲಿಲ್ಲ.

ಕೈ ಅಲ್ಲೇ ಇಟ್ಟುಕೊಂಡು, “ನಾನ್ ನಿನ್ ಕುತ್ಗಿ ಸುಮ್ನೆ ಹಾಳ್ ಮಾಡ್ದೆ, ಹೆಣ್ಣೆ. ಅವ್ನ್ ಉಳಿಲಿಲ್ಲ,” ಎಂದರು.

ಈ ಮಾತಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಬಂದಾಗ ಏನೇನು ಹೇಳಬೇಕೆಂದು ಸೂಜಿ ಚುಚ್ಚಿಸಿಕೊಳ್ಳುವಾಗೆಲ್ಲ ಲೆಕ್ಕ ಹಾಕಿದ್ದೆ. ಈಗ, ಅತ್ತೆ ಅಂದು ನಂಬಿದ್ದೇ ನಿಜವಾಗಿ, ಕರಿಮಣಿಯೇ ಅವರನ್ನು ಉಳಿಸುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮಾತ್ರ ಅನ್ನಿಸಿತು. ನಿಜವಾಗಿದ್ದರೆ ಇಷ್ಟೇ ದಪ್ಪದ ಇನ್ನೊಂದು ಗಡ್ಡೆಯನ್ನೂ ನಾನು ಹೊರುತ್ತಿದ್ದೆ.